‘ಬಿಪಿ ಹೋಗಿದೆ ಡಾಕ್ಟ್ರೇ’

‘ಬಿಪಿ ಇತ್ತು ಡಾಕ್ಟ್ರೇ, ಈಗ ಹೋಗಿದೆ.’ ಲಿವರ್ ಕಸಿಗೆ ಬಂದವರು ಖುಷಿಯಿಂದ ಹೇಳುವ ಮಾತಿದು. ನನಗೆ ಅನುಮಾನ ಶುರುವಾಗುವುದೇ ಅಲ್ಲಿಂದ.

ನಾನು ಹೃದಯದ ಡಾಕ್ಟರ್. ಕಸಿಯ ಆಪರೇಷನ್ನನ್ನು ಈ ಹೃದಯ ತಡೆದುಕೊಳ್ಳುತ್ತದಾ ಅಂತ ನೋಡಿ ಹೇಳುವುದು ನನ್ನ ಪಾಲಿನ ಕೆಲಸ. ಮೊದಮೊದಲು ಬೇರೆ ಆಪರೇಷನ್‌ಗೆ ನೋಡುವಂತೆಯೇ ಫೈಲ್ ತಿರುವಿ ಕೆಟ್ಟ ನಂಬರ್ ಹುಡುಕುತ್ತಿದ್ದೆ. ಸಿರೋಸಿಸ್‌ನಲ್ಲಿ, ಅಂದರೆ ಲಿವರ್ ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆಯಲ್ಲಿ, ಮೋಸ ಮಾಡುವುದು ಒಳ್ಳೆ ನಂಬರ್‌ಗಳೇ ಅಂತ ತಿಳಿಯಲು ಕೆಲವು ವರ್ಷ ಬೇಕಾಯಿತು.

ಲಿವರ್ ಗಟ್ಟಿಯಾದಂತೆ ಮೈಯ ರಕ್ತನಾಳಗಳು ಸಡಿಲವಾಗುತ್ತವೆ, ಬಿಪಿ ತಾನಾಗಿ ಇಳಿಯುತ್ತದೆ. ಕೊಲೆಸ್ಟರಾಲ್ ಹೆಚ್ಚಾಗಿ ತಯಾರಾಗುವುದು ಲಿವರ್‌ನಲ್ಲಿ. ಅದು ಸೋತರೆ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, ಇಳಿಯುತ್ತದೆ. ಕೆಂಪು ರಕ್ತಕಣಗಳು ಬೇಗ ಸಾಯುವುದರಿಂದ ಮೂರು ತಿಂಗಳ ಶುಗರ್ ರಿಪೋರ್ಟ್ ಕೂಡ ಕಮ್ಮಿ ತೋರಿಸುತ್ತದೆ. ಸಡಿಲ ನಾಳಕ್ಕೆ ರಕ್ತ ತಳ್ಳುವುದು ಹಗುರ, ಹಾಗಾಗಿ ಹೃದಯದ ಸ್ಕ್ಯಾನ್ ಆದ ಎಕೋದಲ್ಲಿ ಪಂಪಿಂಗ್ ಭೇಷಾಗಿ ಕಾಣುತ್ತದೆ.

ಹಾವೇರಿ ಕಡೆಯ ಒಬ್ಬ ಯಜಮಾನರು ಬಂದಿದ್ದರು. 58 ವರ್ಷ. ಕುಡಿತ ಇಲ್ಲ. ಹಳೇ ಸಕ್ಕರೆ ಕಾಯಿಲೆ, ಕೊಬ್ಬು ತುಂಬಿ ಕೆಟ್ಟ ಲಿವರ್. ಲಿವರ್‌ನ ಭಾಗ ಕೊಡಲು ಮಗ ಮುಂದೆ ಬಂದಿದ್ದ. ಬಿಪಿ 100/60, ಎಲ್‌ಡಿಎಲ್ 58, ಪಂಪಿಂಗ್ 66%. ಬೇರೆ ಕಡೆ ಡೊಬುಟಮಿನ್ ಸ್ಟ್ರೆಸ್ ಎಕೋ, ಅಂದರೆ ಔಷಧಿಯಿಂದ ಬಡಿತ ಏರಿಸಿ ನೋಡುವ ಎಕೋ, ಮಾಡಿಸಿದ್ದರು. ಅದು ‘ನೆಗೆಟಿವ್’, ಬ್ಲಾಕ್‌ನ ಸುಳಿವಿಲ್ಲ ಅಂತ.

‘ಅಮ್ಮಾ, ಹತ್ತು ವರ್ಷದ ಹಿಂದಿನ ಚೀಟಿ ಏನಾದ್ರೂ ಇದೆಯಾ?’ ಅಂತ ಅವರ ಹೆಂಡತಿಯನ್ನು ಕೇಳಿದೆ. ಪ್ಲಾಸ್ಟಿಕ್ ಕವರಿನಿಂದ ಒಂದು ಕಟ್ಟು ತೆಗೆದರು. ಆಗ ಬಿಪಿ 160/100, ಎಲ್‌ಡಿಎಲ್ 168. ನನಗೆ ಬೇಕಾಗಿದ್ದ ನಂಬರ್‌ಗಳು ಅವು. ಅಷ್ಟು ವರ್ಷ ಹೃದಯದ ನಾಳಗಳು ಅದನ್ನೇ ತಿಂದಿದ್ದವು ಅಲ್ವಾ?

ಸ್ಟ್ರೆಸ್ ಎಕೋದ ಒಳಪುಟ ನೋಡಿದೆ. ಅವರ ವಯಸ್ಸಿಗೆ ಹೃದಯ ಬಡಿತ 138 ಮುಟ್ಟಬೇಕಿತ್ತು, 108ಕ್ಕೇ ನಿಂತಿತ್ತು. ಅನ್ನನಾಳದ ಉಬ್ಬಿದ ರಕ್ತನಾಳ ಒಡೆಯದಿರಲಿ ಅಂತ ಕಾರ್ವಿಡಿಲಾಲ್ ನುಂಗುತ್ತಿದ್ದರು. ಬಡಿತ ಏರಲು ಅದೇ ಬಿಟ್ಟಿರಲಿಲ್ಲ. ಕಟ್ಟಿಹಾಕಿದ ಎತ್ತನ್ನು ನೋಡಿ ಕುಂಟುವುದಿಲ್ಲ ಅಂದ ಹಾಗಾಯಿತು ಆ ‘ನೆಗೆಟಿವ್’.

ಕಾಲು ಊದಿತ್ತು, ಹೊಟ್ಟೆಯಲ್ಲಿ ನೀರು. ಟ್ರೆಡ್‌ಮಿಲ್ ಮಾತೇ ಇಲ್ಲ. ಹೃದಯದ ನಾಳಗಳಲ್ಲಿ ಎಷ್ಟು ಸುಣ್ಣ ಕಟ್ಟಿದೆ ಅಂತ ಎಣಿಸುವ, ಡೈ ಬೇಡದ ಕ್ಯಾಲ್ಸಿಯಂ ಸ್ಕೋರ್ ಸಿಟಿ ಮಾಡಿಸಿದೆ: 640. ನಾನೂರು ದಾಟಿದರೆ ನಾನು ಚರ್ಚೆ ಮಾಡುವುದಿಲ್ಲ, ಆಂಜಿಯೋಗ್ರಾಮ್ ಮಾಡಿಯೇ ನೋಡುತ್ತೇನೆ. ಎಕೋವನ್ನು ಮತ್ತೆ ನಾನೇ ಮಾಡಿದೆ, ಮುಖ್ಯವಾಗಿ ಶ್ವಾಸಕೋಶದ ನಾಳದ ಒತ್ತಡಕ್ಕೆ. ಅಲ್ಲಿ ಸರಾಸರಿ 35 ದಾಟಿದ್ದರೆ ಕಸಿ ಮುಂದೂಡಿ, ಮೊದಲು ಔಷಧಿ. ಪುಣ್ಯಕ್ಕೆ ಏರಿರಲಿಲ್ಲ.

ಮಣಿಕಟ್ಟಿನಿಂದ ಆಂಜಿಯೋಗ್ರಾಮ್ ಮಾಡಿದೆ. ಪ್ಲೇಟ್‌ಲೆಟ್ ಕಮ್ಮಿ, 52 ಸಾವಿರ. ರಕ್ತ ಹೆಪ್ಪುಗಟ್ಟಲು ಎಷ್ಟು ತಡ ಅಂತ ಹೇಳುವ ಐಎನ್‌ಆರ್ ಜಾಸ್ತಿ, 1.8. ಜೂನಿಯರ್ ‘ಪ್ಲಾಸ್ಮಾ ಕೊಡೋಣ್ವಾ ಸರ್?’ ಅಂದ. ಸುಮ್ನೆ ನಂಬರ್ ಸರಿಮಾಡಲು ಬೇಡ ಅಂದೆ. ಇವರಲ್ಲಿ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳ ಜೊತೆ ಅದನ್ನು ತಡೆಯುವವೂ ಇಳಿದಿರುತ್ತವೆ. ಐಎನ್‌ಆರ್‌ಗೆ ಮೊದಲನೆಯದಷ್ಟೇ ಕಾಣುತ್ತದೆ. ಹೃದಯದ ಮುಂಭಾಗದ ಮುಖ್ಯ ನಾಳದಲ್ಲಿ, ಶುರುವಿನಲ್ಲೇ, 85% ಬ್ಲಾಕ್ ಇತ್ತು.

ತಕ್ಷಣ ಸ್ಟೆಂಟ್ ಹಾಕಲಿಲ್ಲ. ಹಾಕಿದರೆ ರಕ್ತ ತೆಳುವಾಗಿಸುವ ಎರಡು ಮಾತ್ರೆ ಬೇಕು, ಅನ್ನನಾಳದ ಆ ಉಬ್ಬಿದ ರಕ್ತನಾಳ ಒಡೆದರೆ ಗತಿಯೇನು? ಮೊದಲು ಎಂಡೋಸ್ಕೋಪಿಯಲ್ಲಿ ಅದಕ್ಕೆ ಬ್ಯಾಂಡ್ ಹಾಕಿಸಿ, ಆ ಹುಣ್ಣು ಮಾಯಲು ಬಿಟ್ಟು, ಆಮೇಲೆ ಸ್ಟೆಂಟ್. ಅಲ್ಲಿಂದ ಮೂರು ತಿಂಗಳು ಎರಡೂ ಮಾತ್ರೆ, ಅಲ್ಲಿಯವರೆಗೆ ಕಸಿ ಇಲ್ಲ.

ಮಗ ಕೇಳಿದ, ‘ಸರ್, ಅಷ್ಟು ದಿನ ಅಪ್ಪ ತಡ್ಕೋತಾರಾ?’

ಹೂಂ ಅನ್ನಲು ನನಗೆ ಧೈರ್ಯ ಬರಲಿಲ್ಲ. ಇದ್ದದ್ದನ್ನೇ ಹೇಳಿದೆ. ಹೊಸ ಲಿವರ್ ಜೋಡಿಸಿ, ರಕ್ತ ತಡೆಹಿಡಿದ ಕ್ಲಾಂಪ್ ಬಿಟ್ಟ ಕ್ಷಣ ತಣ್ಣನೆಯ, ಪೊಟ್ಯಾಸಿಯಂ ತುಂಬಿದ ರಕ್ತ ನೇರ ಹೃದಯಕ್ಕೆ ನುಗ್ಗುತ್ತದೆ. ಬಿಪಿ ಧೊಪ್ಪನೆ ಬೀಳುತ್ತದೆ. ಆಗ ಆ ನಾಳ ಮುಚ್ಚಿದರೆ ಅಪ್ಪನೂ ಇಲ್ಲ, ನೀನು ಕೊಟ್ಟ ಲಿವರ್ರೂ ಇಲ್ಲ.

ಆ ಮೂರು ತಿಂಗಳಲ್ಲಿ ಎರಡು ಸಲ ಅಡ್ಮಿಟ್ ಆಗಿ ಹೊಟ್ಟೆಯ ನೀರು ತೆಗೆಸಿಕೊಂಡರು. ನಾನು ತಪ್ಪು ಮಾಡಿದೆನಾ ಅಂತ ಎರಡು ಸಲವೂ ಅನ್ನಿಸಿತು. ಕೊನೆಗೆ ಆ ಎರಡು ಮಾತ್ರೆಗಳಲ್ಲಿ ಆಸ್ಪಿರಿನ್ ಒಂದನ್ನೇ ಉಳಿಸಿ ಕಸಿ ಮಾಡಿದರು. ಕ್ಲಾಂಪ್ ಬಿಟ್ಟಾಗ ಬಿಪಿ ಬಿತ್ತು, ಕೆಲವೇ ನಿಮಿಷದಲ್ಲಿ ಎದ್ದಿತು. ಇಸಿಜಿ ಅಲುಗಲಿಲ್ಲ.

ನಾಲ್ಕು ತಿಂಗಳ ಮೇಲೆ ಚೆಕಪ್‌ಗೆ ಬಂದರು. ಲಿವರ್ ಚುರುಕಾಗಿತ್ತು, ಕಸಿಯ ಮಾತ್ರೆಗಳೂ ತಮ್ಮ ಪಾಲು ಸೇರಿಸಿದ್ದವು. ಬಿಪಿ 150/90, ಎಲ್‌ಡಿಎಲ್ 132. ಎರಡಕ್ಕೂ ಮಾತ್ರೆ ಬರೆದೆ.

‘ಮತ್ತೆ ಬಂತಲ್ಲ ಡಾಕ್ಟ್ರೇ’ ಅಂದರು, ಮುಖ ಸಣ್ಣ ಮಾಡಿಕೊಂಡು.