ಸಿಕಲ್ ಸೆಲ್ ಕಾಯಿಲೆಯಲ್ಲಿ ಕಬ್ಬಿಣಾಂಶವನ್ನು ಗಮನಿಸುವ ಕ್ರಮ

ಹಿಮೋಗ್ಲೋಬಿನ್ ಕಡಿಮೆಯಿದೆ ಎಂಬ ಒಂದೇ ಕಾರಣಕ್ಕೆ ಕಬ್ಬಿಣದ ಮಾತ್ರೆ ಆರಂಭಿಸಬೇಡಿ. ಸಿಕಲ್ ಸೆಲ್ ಕಾಯಿಲೆಯಲ್ಲಿ (ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗುವ ಆನುವಂಶಿಕ ಕಾಯಿಲೆ) ರಕ್ತಹೀನತೆ ಉಂಟಾಗುವುದು ಮುಖ್ಯವಾಗಿ ಕೆಂಪು ರಕ್ತಕಣಗಳು ಬೇಗ ಒಡೆಯುವುದರಿಂದ. ಕಬ್ಬಿಣದ ಕೊರತೆಯೂ ಇರಬಹುದಾದ್ದರಿಂದ ಮೊದಲು ಫೆರಿಟಿನ್ (ದೇಹದಲ್ಲಿ ಶೇಖರವಾದ ಕಬ್ಬಿಣದ ಸೂಚಕ) ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನ್‌ನಲ್ಲಿ ಕಬ್ಬಿಣ ಎಷ್ಟು ತುಂಬಿದೆ ಎಂಬ ಪ್ರಮಾಣ) ಪರೀಕ್ಷೆ ಮಾಡಿಸಿ. ನೋವಿನ ಬಿಕ್ಕಟ್ಟಿನಲ್ಲಿ, ಸೋಂಕಿನಲ್ಲಿ ಕಬ್ಬಿಣ ಹೆಚ್ಚಿರದಿದ್ದರೂ ಫೆರಿಟಿನ್ ಏರಿಬಿಡುತ್ತದೆ. ಆದ್ದರಿಂದ ಆರೋಗ್ಯ ಸ್ಥಿರವಾಗಿರುವಾಗ ಮಾದರಿ ಕೊಡಿ.

ಪದೇ ಪದೇ ರಕ್ತ ಹಾಕಿಸಿಕೊಳ್ಳುವವರು ಹೆಚ್ಚಿನ ಎಚ್ಚರ ವಹಿಸಲೇಬೇಕು, ಏಕೆಂದರೆ ಪ್ರತಿ ಯೂನಿಟ್‌ನೊಂದಿಗೆ ಸುಮಾರು 200ರಿಂದ 250 ಮಿಲಿಗ್ರಾಂ ಕಬ್ಬಿಣ ಒಳಸೇರುತ್ತದೆ, ಹೆಚ್ಚಾದುದನ್ನು ಹೊರಹಾಕುವ ವ್ಯವಸ್ಥೆ ದೇಹಕ್ಕಿಲ್ಲ. ಯೂನಿಟ್‌ಗಳ ಲೆಕ್ಕವನ್ನು ದಿನಾಂಕಸಹಿತ ಬರೆದಿಡಿ. ಯಕೃತ್ತಿನಲ್ಲಿ ಶೇಖರವಾದ ಕಬ್ಬಿಣವನ್ನು ಅಳೆಯಲು ಎಂಆರ್‌ಐ ಬೇಕೇ ಎಂದು ವೈದ್ಯರನ್ನು ಕೇಳಿ. ಫೋಲಿಕ್ ಆಸಿಡ್ (ಒಂದು ಬಿ ವಿಟಮಿನ್) ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಸ್ಟ್ರಿಪ್‌ನ ಹಿಂಬದಿಯನ್ನೂ ಓದಿ: ಅಲ್ಲಿ ‘ಫೆರಸ್’ ಎಂದಿದ್ದರೆ ಕಬ್ಬಿಣವೂ ಬೆರೆತಿದೆ, ವೈದ್ಯರಿಗೆ ತೋರಿಸದೆ ನುಂಗಬೇಡಿ.