ಮೂವತ್ತರ ಹುಡುಗರಲ್ಲಿ ಕರುಳು ಕ್ಯಾನ್ಸರ್ ಹಿಡಿದದ್ದು: ನನ್ನ ಅನುಭವ

"ಈ ವಯಸ್ಸಿಗೆ ಸ್ಕೋಪು ಯಾಕ್ರೀ, ಜಂತುಹುಳದ ಮಾತ್ರೆ, ಐರನ್ ಕೊಟ್ಟು ಕಳ್ಸಿ" ಅಂತ ನಮ್ಮ ಕಡೆ ಹಿರಿಯ ಡಾಕ್ಟ್ರುಗಳೇ ಅಂತಿದ್ರು. ಸ್ಕೋಪು ಅಂದ್ರೆ ಗುದದ ಮೂಲಕ ಕ್ಯಾಮೆರಾ ಕೊಳವೆ ಹಾಕಿ ದೊಡ್ಡ ಕರುಳು ನೋಡೋದು. ಕಾಫಿ ತೋಟದ ಸೀಮೆ, ರಕ್ತ ಕಮ್ಮಿ ಅಂದ್ರೆ ಕೊಕ್ಕೆಹುಳಾನೇ ಅನ್ನೋದು ಇಲ್ಲಿನ ಲೆಕ್ಕ. ನಾನು ಹಠ ಹಿಡ್ದೆ: ಗಂಡಸ್ರಲ್ಲಿ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಐರನ್ ಎಷ್ಟಿದೆ ಅಂತ ಹೇಳೋ ರಕ್ತ ಪರೀಕ್ಷೆ) ಬಿದ್ದಿದ್ರೆ ವಯಸ್ಸು ಕೇಳ್ದೆ ಗುದದೊಳಗೆ ಬೆರಳು ಹಾಕಿ ನೋಡೋದು, ಫಿಟ್ (ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಹುಡುಕೋ ಪರೀಕ್ಷೆ) ಮಾಡೋದು, ಪಾಸಿಟಿವ್ ಬಂದ್ರೆ ಸೀಕಂ ತನಕ, ಅಂದ್ರೆ ದೊಡ್ಡ ಕರುಳು ಶುರುವಾಗೋ ಜಾಗದ ತನಕ, ಸ್ಕೋಪು, ನೆಗೆಟಿವ್ ಬಂದ್ರೂ ಐರನ್‌ಗೆ ಹಿಮೋಗ್ಲೋಬಿನ್ ಏರ್ಲಿಲ್ಲ ಅಂದ್ರೆ ಬಿಡಲ್ಲ. ಈಗ ಅವ್ರೇ ಕೇಸ್ ಕಳಿಸ್ತಾರೆ.

ಮೊದ್ಲು ಸಿಕ್ಕಿದ್ದು ಒಬ್ಬ ಡ್ರೈವರ್ರು, ಮೂವತ್ತರ ಆಸುಪಾಸು. ಮೆಟ್ಟಿಲು ಹತ್ತಿದ್ರೆ ಏದುಸಿರು ಅಂತ ಇಸಿಜಿ, ಎಕೋ ಎಲ್ಲ ಮಾಡಿಸ್ಕೊಂಡು ಬಂದಿದ್ದ, ಹಿಮೋಗ್ಲೋಬಿನ್ ಆರೋ ಏಳೋ. ಹೊಟ್ಟೆನೋವಿಲ್ಲ, ಕಣ್ಣಿಗೆ ಕಾಣೋ ರಕ್ತ ಇಲ್ಲ, ಬಲಗಡೆ ಕರುಳಲ್ಲಿ ಗೆಡ್ಡೆ. ಆಮೇಲೆ ಅಪೆಂಡಿಕ್ಸ್ ಅಂತ ಬಂದ ಹುಡುಗಿಗೆ ಸೀಕಂನಲ್ಲೇ ಇತ್ತು. ಇನ್ನೊಬ್ಬನಿಗೆ ಇಲಿಯೋಸೀಕಲ್ (ಸಣ್ಣ ಕರುಳು ದೊಡ್ಡ ಕರುಳಿಗೆ ಸೇರೋ ಜಾಗ) ದಪ್ಪ ಆಗಿದೆ ಅಂತ ಬಯಾಪ್ಸಿ ಇಲ್ದೆ ತಿಂಗಳುಗಟ್ಲೆ ಟಿಬಿ ಮಾತ್ರೆ ನಡೀತಿತ್ತು, ನಾನು ಏಳೆಂಟು ತುಂಡು ತೆಗೆದು ಕಳ್ಸಿದ್ರೆ ಸಿಗ್ನೆಟ್ ರಿಂಗ್ ಅನ್ನೋ ಜೋರಾದ ಜಾತಿಯ ಕ್ಯಾನ್ಸರ್ ಬಂತು. ದೊಡ್ಡೋರಲ್ಲಿ ಕರುಳೊಳಗೆ ಕರುಳು ನುಗ್ಗಿರೋದು, ಅದ್ರಲ್ಲೂ ದೊಡ್ಡ ಕರುಳಲ್ಲಿ, ಸಿಟಿ ಸ್ಕ್ಯಾನಲ್ಲಿ ಕಂಡ್ರೆ ಹೆಚ್ಚಾಗಿ ಒಳಗೆ ಏನೋ ಗೆಡ್ಡೆ ಕೂತಿರುತ್ತೆ.

ದುಡ್ಡಿನ ಕಥೆ ಹೇಳ್ತೀನಿ. ಸೆಕೆಂಡ್ ಹ್ಯಾಂಡ್ ಸ್ಕೋಪಿಗೆ ಆರು ಲಕ್ಷ ಚಿಲ್ರೆ, ವರ್ಷದೊಳಗೆ ಲೈಟ್ ಸೋರ್ಸ್ ಕೈಕೊಡ್ತು, ರಿಪೇರಿಗೆ ಹತ್ರ ಹತ್ರ ಲಕ್ಷ. ಫಿಟ್ ಕಿಟ್ಟು ಮುನ್ನೂರರ ಸುತ್ತಮುತ್ತ, ಕೂಲಿಯವ್ರ ಹತ್ರ ಕೇಳಕ್ಕಾಗಲ್ಲ, ಕೈಯಿಂದ ಹಾಕ್ದೆ. ಬೇಸಿಗೆನಲ್ಲಿ ಸ್ಯಾಂಪಲ್ಲು ಬೈಕ್ ಡಿಕ್ಕಿನಲ್ಲಿ ಬೆಂದು ಬರ್ತಿದ್ವು, ನೆಗೆಟಿವ್ ಮೇಲೆ ನೆಗೆಟಿವ್, ಅನುಮಾನ ಬಂದು ಒಂದೇ ಸ್ಯಾಂಪಲ್ಲನ್ನ ಅರ್ಧ ಫ್ರಿಜ್ಜಲ್ಲಿ, ಅರ್ಧ ಏಪ್ರಿಲ್ ಬಿಸಿಲಿನ ಕಿಟಕಿ ಹತ್ರ ಇಟ್ಟು ನೋಡ್ದೆ, ಒಂದು ವಾರಕ್ಕೆ ಕಿಟಕಿದರ ಪಾಸಿಟಿವ್ ಗೆರೆ ಮಾಸಿಹೋಗಿತ್ತು. ಅವತ್ತಿಂದ ಐಸ್ ಡಬ್ಬ. ಆದ್ರೂ ಮಲದಲ್ಲಿ ರಕ್ತ ನೋಡೋ ಹಳೇ ಗ್ವಾಯಕ್ ಪರೀಕ್ಷೆಗಿಂತ ಇದೇ ವಾಸಿ, ಅದು ಮಟನ್ ತಿಂದ್ರೂ ಹಸಿ ಮೂಲಂಗಿ ತಿಂದ್ರೂ ಪಾಸಿಟಿವ್ ತೋರಿಸ್ತಿತ್ತು.

ಇನ್ನು ಪ್ರೆಪ್ಪು, ಅಂದ್ರೆ ಸ್ಕೋಪಿಗೆ ಮುಂಚೆ ಕರುಳು ತೊಳೆಯೋದು. ಪೂರ್ತಿ ಪೆಗ್ (ಭೇದಿ ಮಾಡಿಸೋ ದ್ರಾವಣ) ರಾತ್ರಿನೇ ಕುಡಿಸಿದ್ರೆ ಅರ್ಧ ಜನ ವಾಂತಿ, ಸೀಕಂ ತುಂಬ ಹೊಲಸು. ಅರ್ಧ ರಾತ್ರಿ, ಅರ್ಧ ಬೆಳಿಗ್ಗೆ ಮಾಡಿದ್ಮೇಲೆ ಕ್ಲೀನು. ಅದಕ್ಕೆ ರುಚಿಗೆ ನಾನು ಏನ್ ಬೆರೆಸ್ತೀನಿ ಅನ್ನೋದು ನನ್ನ ಹತ್ರಾನೇ ಇರ್ಲಿ.

ಅಮೆರಿಕದವ್ರು 2021ರಲ್ಲಿ ಕರುಳು ಕ್ಯಾನ್ಸರ್ ಸ್ಕ್ರೀನಿಂಗ್ ವಯಸ್ಸು 50ರಿಂದ 45ಕ್ಕೆ ಇಳಿಸಿದ್ರು, ನಮ್ಮ ಈ ಪೇಷೆಂಟುಗಳು ಅದಕ್ಕೂ ಚಿಕ್ಕ ವಯಸ್ಸಿನವ್ರು. ಇಷ್ಟು ಬೇಗ ಬಂದ್ರೆ ವಂಶದಿಂದ ಬಂದಿರಬಹುದು, ಅದಕ್ಕೇ ಈಗ ಪ್ರತಿ ಬ್ಲಾಕೂ (ಮೇಣದಲ್ಲಿ ಕೂರಿಸಿದ ಗೆಡ್ಡೆ ತುಂಡು) ಎಂಎಂಆರ್, ಅಂದ್ರೆ ಡಿಎನ್‌ಎ ತಪ್ಪು ತಿದ್ದೋ ಪ್ರೋಟೀನುಗಳು ಇವೆಯಾ ಅಂತ, ನೋಡಕ್ಕೆ ಬೆಂಗಳೂರಿಗೆ ಹೋಗುತ್ತೆ, ಲಿಂಚ್ (ವಂಶದಲ್ಲಿ ಕರುಳು ಕ್ಯಾನ್ಸರ್ ತರೋ ಕಾಯಿಲೆ) ಅಂತ ಗಟ್ಟಿ ಆದ್ರೆ ಅಣ್ಣ ತಮ್ಮ ಅಕ್ಕ ತಂಗಿ ಎಲ್ರಿಗೂ ನಾನೇ ಫೋನ್ ಮಾಡಿ ಕರೆಸ್ತೀನಿ. ಆ ಡ್ರೈವರ್ ತಮ್ಮನ ಪಾಲಿಪ್ (ಮುಂದೆ ಕ್ಯಾನ್ಸರ್ ಆಗಬಹುದಾದ ಕರುಳಿನ ಗಂಟು) ಹೋದ್ ತಿಂಗಳು ತೆಗೆದಾಯ್ತು.