ಚಿಗರಿ ನೋಡಾಕ ಎಲ್ಲಿ ಕುಂದ್ರಬೇಕು? ನಕ್ಷಾ, ಗಾಳಿ, ಬಿಸಲು ಮೂರರ ಲೆಕ್ಕ

ಹುಬ್ಬಳ್ಳಿ-ಧಾರವಾಡದಾಗ ಇರೋರು ದಿನಾ ಚಿಗರಿ ಬಸ್ ಹತ್ತತೀವಿ, ಆದ್ರ ಆ ಹೆಸರಿನ ಪ್ರಾಣಿ, ಅಂದ್ರ ಕೃಷ್ಣಮೃಗ, ಹೊಲದಾಗ ನಿಂತಿದ್ದನ್ನ ಕಣ್ತುಂಬ ನೋಡಿದವರು ನಮ್ಮೊಳಗ ಭಾಳ ಕಡಿಮಿ. ದೂರೇನಿಲ್ಲರಿ, ಅಣ್ಣಿಗೇರಿ, ನವಲಗುಂದ, ಆ ಕಡೆ ನರಗುಂದ, ರೋಣದ ಎರಿ ಹೊಲದಾಗ ಅದಾವ, ಹಾವೇರಿ ಜಿಲ್ಲಾದಾಗ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯನ ಐತಿ, 1974 ರಾಗ ಆಗಿದ್ದು, 119 ಚದರ ಕಿಲೋಮೀಟರ್. ಹೋಗಿ ಬಂದವರು ಹೇಳೂದು ಮಾತ್ರ ಎಲ್ಲಾರೂ ಒಂದ: "ಕಂಡ್ವು, ಗಾಡಿ ಇಳಿಯೂದ್ರಾಗ ಓಡಿ ಹೋದ್ವು, ಫೋಟೋದಾಗ ಬರೇ ಬಾಲಾ ಬಂದೈತಿ." ಇದಕ್ಕ ಕಾರಣ ಬೆನ್ನ ಹತ್ತೂದು. ಚಿಗರಿ ಬೆನ್ನ ಹತ್ತಿ ನೋಡೂ ಪ್ರಾಣಿ ಅಲ್ಲ, ಓಟದಾಗ ತಾಸಿಗೆ 80 ಕಿಲೋಮೀಟರ್ ತನಕ ಹೋಗತೈತಿ, ನಾವು ಒಂದ ಕಡೆ ಕುಂತು ಅದನ್ನ ನಮ್ಮ ಕಡೆ ಬರಾಕ ಬಿಡಬೇಕು. ಎಲ್ಲಿ ಕುಂದ್ರೂದು ಅನ್ನೂದನ್ನ ಹಿಂದಿನ ದಿನ ರಾತ್ರಿ ಮನ್ಯಾಗ ಕುಂತ ಅರ್ಧಾ ತಗದ ಬಿಡಬಹುದು.

ಮೊದಲ ಒಂದ ಮಾತು ಖಡಕ್ ಹೇಳಿ ಬಿಡ್ತೀನಿ. ಇದು ನೋಡೋರಿಗೆ, ಫೋಟೋ ತಗಿಯೋರಿಗೆ. ಬ್ಯಾಟಿ ವಿಷಯ ಅಲ್ಲ. ಚಿಗರಿ 1972 ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಾಗ ಐತಿ, ಹೊಡದ್ರ 3 ರಿಂದ 7 ವರ್ಷ ಜೈಲು. ಅಭಯಾರಣ್ಯದೊಳಗ ಸುಮ್ಮ ಹೋಗಿ ಕುಂದ್ರಾಕೂ ಅರಣ್ಯ ಇಲಾಖೆ ಪರವಾನಗಿ ಬೇಕ, ರಾಣೆಬೆನ್ನೂರಿಗೂ ಅಷ್ಟ, ಗದಗದ ಕಪ್ಪತಗುಡ್ಡಕ್ಕೂ ಅಷ್ಟ (ಅದು 2019 ರಾಗ ವನ್ಯಜೀವಿಧಾಮ ಆತು). ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಆಫೀಸಿಗೆ ಹೋಗಿ ಕೇಳ್ರಿ, ಕೇಳೂದ್ರಾಗ ನಾಚಿಕಿ ಏನಿಲ್ಲ.

ಹಂಗಾದ್ರ ಯಾವ ಜಾಗಾ ಯಾರದು ಅಂತ ತಿಳಿಯೂದು ಹೆಂಗ? ನಮ್ಮ ರಾಜ್ಯದಾಗ ಇದಕ್ಕ ದಿಶಾಂಕ್ ಅನ್ನೂ ಆ್ಯಪ್ ಐತಿ, ಕಂದಾಯ ಇಲಾಖೆದು, ನೀವು ನಿಂತ ಜಾಗಾದ ಸರ್ವೆ ನಂಬರ್ ತೋರಸತೈತಿ, ಅದು ಸರಕಾರಿ ಜಮೀನೋ ಖಾಸಗಿಯೋ ಅನ್ನೂದೂ ಗೊತ್ತಾಗತೈತಿ. ಗಾಯರಾಣ, ಹಳ್ಳದ ದಂಡಿ, ಕೆರಿ ಅಂಗಳ, ಬಂಡಿದಾರಿ, ಇಂಥಾವನ್ನ ಮೊದಲ ಗುರತು ಮಾಡ್ಕೋರಿ. ಖಾಸಗಿ ಹೊಲ ಆದ್ರ ಮಾಲಕರನ್ನ ಕೇಳಿನ ಕಾಲಿಡ್ರಿ. "ಶರಣ್ರಿ ಕಾಕಾರ, ಚಿಗರಿ ಫೋಟೋ ತಗಿಯಾಕ ಬಂದೀನ್ರಿ, ಬದುವಿನ ಮ್ಯಾಲ ಕುಂದ್ರಲೇನ್ರಿ?" ಅಂದ್ರ ಬ್ಯಾಡ ಅಂದವರು ನನಗಿನ್ನೂ ಸಿಕ್ಕಿಲ್ಲ, ಮ್ಯಾಲ ಎಷ್ಟೊತ್ತಿಗೆ ಎಲ್ಲಿಂದ ಬರ್ತಾವ ಅನ್ನೂದನ್ನೂ ಅವರ ಹೇಳ್ತಾರ, ಯಾವ ನಕ್ಷಾದಾಗೂ ಆ ಮಾಹಿತಿ ಸಿಗಂಗಿಲ್ಲ. ಆದ್ರ ಅವರ ಮುಂದ "ಎಷ್ಟ ಚಂದ ಅದಾವಲ್ರಿ" ಅಂತ ಹಿಗ್ಗಬ್ಯಾಡ್ರಿ, ಮೊಳಕಿ ಒಡದ ಕಡಲಿನ ರಾತ್ರಿ ಮೇದ ಹೋಗಿರ್ತಾವ, ಅವರ ಹೊಟ್ಟಿ ಉರದಿರತೈತಿ. ಮೊದಲ ಬೆಳಿ ಹೆಂಗೈತ್ರಿ ಅಂತ ಕೇಳ್ರಿ.

ಆಮ್ಯಾಲ ಸ್ಯಾಟಲೈಟ್ ನಕ್ಷಾ. ಗೂಗಲ್ ಮ್ಯಾಪ್ಸ್ ನಡೀತೈತಿ, ಆದ್ರ ಕಂಪ್ಯೂಟರಿನ್ಯಾಗ ಗೂಗಲ್ ಅರ್ಥ್ ಚಲೋ, ಯಾಕಂದ್ರ ಅದರಾಗ ಹಳೇ ವರ್ಷದ ಚಿತ್ರಾನೂ ನೋಡಬಹುದು, ಅದ ಹೊಲ ಮಳಿಗಾಲದಾಗ ಹೆಂಗಿತ್ತು, ಬ್ಯಾಸಗಿಯಾಗ ಹೆಂಗಿತ್ತು ಅಂತ. ಚಿತ್ರ ಒಂದೊಂದ ಸಲ ವರ್ಷಗಟ್ಟಲೆ ಹಳೇದ ಇರತೈತಿ, ಹಿಂಗಾಗಿ ಬೆಳಿ ಯಾವುದು ಅನ್ನೂದನ್ನ ನಕ್ಷಾದಿಂದ ನಂಬಬ್ಯಾಡ್ರಿ, ಬದು, ಹಳ್ಳ, ದಾರಿ, ಗಿಡದ ಸಾಲು ಇಷ್ಟ ನಂಬ್ರಿ. ಚಿಗರಿಗೆ ಬೇಕಾಗಿದ್ದು ಬಯಲು. ದಟ್ಟ ಗಿಡ, ಗುಡ್ಡ ಅದಕ್ಕ ಆಗಿ ಬರಂಗಿಲ್ಲ, ದೂರದಿಂದ ವೈರಿ ಕಾಣಬೇಕು, ಓಡಾಕ ಜಾಗಾ ಬೇಕು. ನಾ ಹುಡುಕೂದು ಬೀಳು ಬಿದ್ದ ಹುಲ್ಲಿನ ಜಾಗಾ ಒಂದ ಕಡೆ, ಬೆಳಿ ಹೊಲ ಇನ್ನೊಂದ ಕಡೆ, ನಡುವ ಒಂದ ಬದು, ಸಮೀಪ ಎಲ್ಲೆರೆ ಕೃಷಿ ಹೊಂಡ ಅಥವಾ ಕೆರಿ. ಹಗಲ ಹುಲ್ಲಿನ್ಯಾಗ ಮಲಗಿ ಮುಂಜಾನಿ ಸಂಜಿ ಬೆಳಿ ಕಡೆ ಸರೀತಾವ, ಆ ಎರಡರ ನಡುವಿನ ಗಡಿನ ನಿಮ್ಮ ಜಾಗಾ. ಸರ್ವೆ ಆಫ್ ಇಂಡಿಯಾದ 1:50,000 ಟೋಪೋಶೀಟ್ (ನೆಲದ ಏರಿಳಿತ, ಹಳ್ಳ, ದಾರಿ ತೋರಸೂ ನಕ್ಷಾ) ಪಿಡಿಎಫ್ ಪುಕ್ಕಟ ಸಿಗತಾವ, ಆದ್ರ ಅದರಾಗ ಎತ್ತರದ ಗೆರಿ 20 ಮೀಟರಿಗೊಂದು, ನವಲಗುಂದದಂಥಾ ಸಪಾಟ ನೆಲದಾಗ ಗೆರಿನ ಸಿಗೂದ ಅಪರೂಪ, ಹಳ್ಳ ಮತ್ತ ಬಂಡಿದಾರಿ ನೋಡಾಕ ಮಾತ್ರ ಉಪಯೋಗ. ಹಳ್ಳ ಅಂದ್ರ ಬೆಣ್ಣಿಹಳ್ಳದಂಥಾ ದೊಡ್ಡದ ಬೇಕಂತಿಲ್ಲ, ಆಳೆತ್ತರದ ತೆಗ್ಗಿದ್ದ ಸಣ್ಣ ಹಳ್ಳ ಸಿಕ್ರೂ ಸಾಕು, ಅದರೊಳಗಿಂದ ನಡದು ಯಾರ ಕಣ್ಣಿಗೂ ಬೀಳದ ಜಾಗಾ ಮುಟ್ಟಬಹುದು.

ಈಗ ಗಾಳಿ. ಚಿಗರಿಗೆ ಮೊದಲ ಕಣ್ಣು, ಆಮ್ಯಾಲ ಕಿವಿ ಮೂಗು, ಇದು ಖರೆ, ಹಂಗಂತ ಗಾಳಿ ಬಿಟ್ಟ ಕುಂದ್ರಬ್ಯಾಡ್ರಿ, ಬಯಲಾಗ ಗಾಳಿಗೆ ತಡಿಯಾಕ ಏನೂ ಇರಂಗಿಲ್ಲ, ನಮ್ಮ ವಾಸನಿ, ಕ್ಯಾಮೆರಾದ ಸಪ್ಪಳ, ಕೆಮ್ಮು ಎಲ್ಲಾ ಅದರ ಜೋಡಿನ ಹೋಗತೈತಿ. ಗಾಳಿ ನಮ್ಮ ಮಾರಿಗೆ ಬಡೀಬೇಕು, ಇಲ್ಲಾ ಗಲ್ಲಕ್ಕ, ಬೆನ್ನಿಗಂತೂ ಬ್ಯಾಡ. ಮತ್ತ ನಮ್ಮ ಕಡೆ ಗಾಳಿ ವರ್ಷಪೂರ್ತಿ ಒಂದ ಕಡೆಯಿಂದ ಬೀಸಂಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಪಡುವಲ, ನೈರುತ್ಯ ಕಡೆಯಿಂದ, ಜೋರು, ದಿನಗಟ್ಟಲೆ ಒಂದ ದಿಕ್ಕು, ಗದಗ ಕಡೆ ಗಾಳಿಕಂಬ ತಿರಗೂದು ನೋಡಿದ್ರ ಗೊತ್ತಾಗತೈತಿ. ನವೆಂಬರ್‌ನಿಂದ ಫೆಬ್ರುವರಿ ತನಕ ಮೂಡಗಾಳಿ, ತುಟಿ ಒಡಿಯೂ ಒಣಾ ಗಾಳಿ, ನಸುಕಿನ್ಯಾಗ ಸತ್ತಂಗಿದ್ದು ಬಿಸಲ ಏರಿದ ಮ್ಯಾಲ ಏಳತೈತಿ. ಮಾರ್ಚ್ ನಂತರದ್ದು ಭರವಸಿ ಇಲ್ಲದ್ದು, ಸಂಜೀಕ ಮಳಿಮೋಡ ಕಟ್ಟಿತಂದ್ರ ನಾಕೂ ಕಡೆಯಿಂದ ಸುತ್ತತೈತಿ.

ಇದರ ಜೋಡಿ ಬಿಸಲಿನ ಲೆಕ್ಕ ಕೂಡಸ್ರಿ, ಇದನ್ನ ಬಾಳ ಮಂದಿ ಕೂಡಸಂಗಿಲ್ಲ. ನಾನೂ ಮೊದಲ ಎರಡ ವರ್ಷ ಕೂಡಸಲಿಲ್ಲ, ಜನವರಿಯಾಗ ಮೂಡಗಾಳಿ ಮಾರಿಗೆ ಬರ್ಲಿ ಅಂತ ಹಿಂಡಿನ ಪಡುವಲಕ್ಕ ಹೋಗಿ ಕುಂದ್ರತಿದ್ದೆ, ಚಿಗರಿ ಸಮೀಪ ಬರ್ತಿದ್ವು, ಆದ್ರ ಮುಂಜಾನಿ ಸೂರ್ಯ ನಟ್ಟ ಕಣ್ಣಾಗ, ಹೋರಿಯ (ಗಂಡು ಚಿಗರಿಯ) ಕರೀ ಬೆನ್ನೂ ಬಿಳಿ ಹೊಟ್ಟಿನೂ ಒಂದ ಕರೀ ನೆರಳಾಗಿ ಬರತಿತ್ತು. ಕಡೀಕ ಹಾಳಿ ಮ್ಯಾಲ ದಿಕ್ಕು ಬರದು ಗಾಳಿಗೊಂದು ಸೂರ್ಯಾಗೊಂದು ಬಾಣದ ಗುರ್ತು ಹಾಕಿದ ಮ್ಯಾಲ ತಿಳೀತು. ಮಳಿಗಾಲದಾಗ ಮುಂಜಾನಿ ಹೋಗ್ರಿ, ಹಿಂಡಿನ ಮೂಡಲಕ್ಕ ಕುಂದ್ರಿ, ಪಡುವಲ ಗಾಳಿ ಮಾರಿಗೆ, ಸೂರ್ಯ ಬೆನ್ನಿಗೆ. ಚಳಿಗಾಲದಾಗ ಸಂಜೀಕ ಹೋಗ್ರಿ, ಪಡುವಲಕ್ಕ ಕುಂದ್ರಿ, ಮೂಡಗಾಳಿ ಮಾರಿಗೆ, ಮುಳಗೂ ಸೂರ್ಯ ಬೆನ್ನಿಗೆ. ಇವೆರಡೂ ತಾನ ಕೂಡಿ ಬರ್ತಾವ, ಜಗಳನ ಇಲ್ಲ. ಚಳಿಗಾಲದ ಮುಂಜಾನಿನ ಬೇಕಂದ್ರ (ಇಬ್ಬನಿ, ಬಾಯಾಗಿನ ಹಬಿ ಎಲ್ಲಾ ಫೋಟೋದಾಗ ಬೇಕಂದ್ರ ಆವಾಗನ ಹೋಗಬೇಕು) ಹಿಂಡಿನ ತೆಂಕಲಕ್ಕ ಕುಂತು ಬಡಗಲಕ್ಕ ಮಾರಿ ಮಾಡ್ರಿ. ಚಳಿಗಾಲದಾಗ ಸೂರ್ಯ ನಟ್ಟ ಮೂಡಲಕ್ಕ ಹುಟ್ಟಂಗಿಲ್ಲ, ಒಂದೀಟ ತೆಂಕಲಕ್ಕ ಸರದ ಹುಟ್ಟತಾನ, ಹಿಂಗಾಗಿ ಬೆಳಕು ನಿಮ್ಮ ಬಲ ಹೆಗಲಿನ ಹಿಂದಿಂದ ಬೀಳತೈತಿ, ಗಾಳಿ ಬಲ ಗಲ್ಲಕ್ಕ ಬಡದು ನಿಮ್ಮ ವಾಸನಿನ ಎಡಕ್ಕ ಒಯ್ಯತೈತಿ, ಹಿಂಡಿಗೆ ಮುಟ್ಟಂಗಿಲ್ಲ.

ಹಿಂಗಾಗಿ ನಕ್ಷಾದಾಗ ಒಂದ ಪಿನ್ ಹಾಕಿ ಮಲಗಬ್ಯಾಡ್ರಿ, ಅದ ಬಯಲಿಗೆ ಮೂರ ಪಿನ್ ಹಾಕ್ರಿ, ಮೂಡಲಕ್ಕೊಂದು, ಪಡುವಲಕ್ಕೊಂದು, ತೆಂಕಲಕ್ಕೊಂದು, ಮುಂಜಾನಿ ಗಾಳಿ ನೋಡಿ ಯಾವುದು ಅಂತ ತೀರ್ಮಾನ ಮಾಡ್ರಿ. ವಿಂಡಿಯಂಥಾ ಗಾಳಿ ತೋರಸೂ ಆ್ಯಪ್‌ನ್ಯಾಗ ಹಿಂದಿನ ರಾತ್ರಿ ನೋಡಿದ್ರ ಅಂದಾಜ ಸಿಗತೈತಿ, ಆದ್ರ ಹವಾಮಾನದವರು ಹೇಳೂದು ಗಾಳಿ ಬರೂ ದಿಕ್ಕು, ಹೋಗೂ ದಿಕ್ಕಲ್ಲ, 90 ಡಿಗ್ರಿ ಅಂದ್ರ ಮೂಡಲದಿಂದ ಬರೂದು, 270 ಅಂದ್ರ ಪಡುವಲದಿಂದ. ಇದನ್ನ ಉಲ್ಟಾ ತಿಳಕೊಂಡು ಉಲ್ಟಾ ಕಡೆ ಕುಂತವರನ್ನ ನೋಡೀನಿ.

ಹೊಲದಾಗ ಹೋದ ಮ್ಯಾಲ ಫೋನ್ ಬಿಡ್ರಿ, ಎಕ್ಕಿ ಗಿಡ ಹುಡಕ್ರಿ. ಒಣಗಿ ಒಡದ ಎಕ್ಕಿ ಕಾಯಿಯೊಳಗ ರೇಷ್ಮಿಯಂಥಾ ಅರಳಿ ಇರತೈತಲ್ಲ, ಒಂದ ಡಬ್ಬಿಯಾಗ ತುಂಬಿ ಇಟ್ಕೋರಿ, ಒಂದ ಎಳಿ ಬಿಟ್ರ ಅದು ದೂರ ತನಕ ತೇಲಿಕೋತ ಹೋಗತೈತಿ, ಗಾಳಿ ಮುಂದ ಎಲ್ಲಿ ತಿರಗತೈತಿ, ಬದುವಿಗೆ ಬಡದು ಹೆಂಗ ಏಳತೈತಿ ಅನ್ನೂದು ಕಣ್ಣಿಗೆ ಕಾಣತೈತಿ. ಮಣ್ಣು ತೂರಿದ್ರ ಕಾಲ ಬುಡದ ಗಾಳಿ ಅಷ್ಟ ತಿಳೀತೈತಿ. ಗುಡ್ಡದ ಬುಡಕ್ಕ ಕುಂದ್ರೋರಿಗೆ, ಕಪ್ಪತಗುಡ್ಡದ ಅಂಚಿನ ಹೊಲದವರಿಗೆ, ಇದು ಇನ್ನೂ ಬೇಕು: ನಸುಕಿನ್ಯಾಗ ತಂಪ ಗಾಳಿ ಗುಡ್ಡದಿಂದ ತೆಗ್ಗಿಗೆ ಇಳೀತೈತಿ, ಬಿಸಲ ಬಿದ್ದ ಮ್ಯಾಲ ಬಿಸಿ ಗಾಳಿ ಮ್ಯಾಲ ಏರತೈತಿ, ಆ್ಯಪ್ ಏನರ ಹೇಳ್ಲಿ, ಆ ಒಂದ ತಾಸು ಗುಡ್ಡದ ಮಾತ ನಡೀತೈತಿ.

ಜಾಗಾ ಆತು, ಇನ್ನ ಅಲ್ಲಿಗೆ ಮುಟ್ಟೂ ದಾರಿ. ಚಲೋ ಜಾಗಾ ಹಾಳಾಗೂದು ಇಲ್ಲೆ. ಹಿಂಡಿಗೆ ಗಾಳಿ ಎಲ್ಲಿಂದ ಬರತೈತಿ ಆ ಕಡೆಯಿಂದ ನಡದು ಬಂದ್ರ ನೀವು ಕುಂದ್ರೂದ್ರಾಗನ ಎಲ್ಲಾ ಖಾಲಿ. ಸುತ್ತು ಹಾಕಿ ಬರ್ರಿ, ಒಂದ ಕಿಲೋಮೀಟರ್ ಹೆಚ್ಚಾದ್ರೂ ಆಗ್ಲಿ. ಬೆಳಕ ಹರಿಯೂಕಿಂತ ಅರ್ಧ ತಾಸು ಮೊದಲ ಕುಂತಿರಬೇಕು. ಮಳಿಗಾಲದಾಗ ಗಾಡಿ ಡಾಂಬರ ರಸ್ತಾದ ಮ್ಯಾಲ ಬಿಡ್ರಿ, ಎರಿ ಮಣ್ಣು ನೆನದ್ರ ಬೈಕಿನ ಚಕ್ರ ತಿರಗಂಗಿಲ್ಲ, ನಿಮ್ಮ ಚಪ್ಪಲ್ಲೂ ಸೇರು ಭಾರ ಆಗತಾವ. ಬ್ಯಾಟರಿ ಹಚ್ಚಿಕೊಂಡ ನಡೀರಿ, ಎರಿ ಬಿರುಕಿನ್ಯಾಗ ಹಾವು ಇರ್ತಾವ.

ಕುಂದ್ರೂ ಜಾಗಾ ಬದುವಿನ ತುದಿ ಮ್ಯಾಲ ಆಗಬಾರದು, ಆಕಾಶಕ್ಕ ನಿಮ್ಮ ತಲಿ ಕಾಣತೈತಿ, ಬದುವಿನ ಮಗ್ಗಲಕ್ಕ ಕುಂತು ಹಿಂದ ಒಂದ ಜಾಲಿ ಕಂಟಿ ಅಥವಾ ಬಾರಿಗಿಡ ಇರಹಂಗ ನೋಡ್ಕೋರಿ. ಮರಿಮಾಚೂ ಬಟ್ಟಿ ತಗೊಳ್ಳಾಕ ರೊಕ್ಕಾ ಹಾಕಬ್ಯಾಡ್ರಿ, ಕುರಿ ಕಾಯೋರ ಕರೀ ಕಂಬಳಿ ಎರಿ ಹೊಲದಾಗ ಅದಕ್ಕಿಂತ ಚಲೋ, ಮತ್ತ ಚಿಗರಿ ಹುಟ್ಟಿದಾಗಿಂದ ಕಂಬಳಿ ಹೊದ್ದವರನ್ನ ನೋಡಿಕೋತನ ಬೆಳದಿರ್ತಾವ. ಜೋಳದ ಹೊಲದಾಗ ಹಕ್ಕಿ ಕಾಯಾಕ ಕಟ್ಟಿದ ಅಟ್ಟಣಿಗಿ ಇದ್ರ, ಮಾಲಕರು ಹೂಂ ಅಂದ್ರ, ಹತ್ತರಿ, ಅಲ್ಲಿಂದ ಇಡೀ ಬಯಲು ಕಾಣತೈತಿ.

ಹಿಂಡಿಗಿಂತ ಒಂಟಿ ಹೋರಿ ಹುಡುಕ್ರಿ ಅಂತ ನಾ ಹೇಳ್ತೀನಿ. ಬೆದಿ ಕಾಲದಾಗ, ಅಂದ್ರ ಮಾರ್ಚ್‌ನಿಂದ ಮೇ, ಮತ್ತ ಆಗಸ್ಟ್‌ನಿಂದ ಅಕ್ಟೋಬರ್ ಸುಮಾರ, ಸುರುಳಿ ಕೋಡಿನ ಕರೀ ಹೋರಿ ಒಂದ ಜಾಗಾ ಹಿಡದು ಕಾಯತೈತಿ, ಅದ ಜಾಗಾದಾಗ ದಿನಾ ಹಿಕ್ಕಿ ಹಾಕಿ ಗುಂಪಿ ಮಾಡಿರತೈತಿ. ಕರೀ ಹಸಿ ಹಿಕ್ಕಿ, ಅದರ ಬುಡಕ ಒಣಗಿದ ಹಳೇ ಹಿಕ್ಕಿ, ಹಿಂಗ ಪದರ ಪದರ ಕಂಡ್ರ ಗುರ್ತ ಹಾಕ್ಕೋರಿ, ಆ ಹೋರಿ ಹೆದರಿ ಓಡಿದ್ರೂ ಹೊಳ್ಳಿ ಅಲ್ಲೇ ಬರತೈತಿ. ಗುಂಪಿಯಿಂದ ನೂರು ನೂರೈವತ್ತ ಮೀಟರ್ ದೂರ, ಗಾಳಿ ಹೋಗೂ ಕಡೆ ಕುಂದ್ರಿ, ಸಮೀಪ ಬ್ಯಾಡ. 400 ಎಂಎಂ ಲೆನ್ಸ್ ಇದ್ರ ಸಾಕಾಗತೈತಿ, ದುರ್ಬೀನ ಇದ್ರೂ ಸಾಕು.

ಹುಲ್ಲಿನ್ಯಾಗ ಒಬ್ಬಂಟಿ ಮರಿ ಕಂಡ್ರ ಎತ್ತಿಕೊಳ್ಳಬ್ಯಾಡ್ರಿ, ತಾಯಿ ಬೇಕಂತನ ಅಡಗಿಸಿ ಮೇಯಾಕ ಹೋಗಿರತೈತಿ, ನೀವು ಅಲ್ಲೇ ನಿಂತ್ರ ಅದು ಬರಂಗಿಲ್ಲ, ಸುಮ್ಮ ಹಿಂದ ಸರೀರಿ. ಹೆಣ್ಣು ತಲಿ ಎತ್ತಿ ಕಿವಿ ನಿಮ್ಮ ಕಡೆ ತಿರಿಗಿಸಿ ನಿಂತ್ರ ಕ್ಯಾಮೆರಾ ಇಳಸ್ರಿ, ಅದು ಹೊಳ್ಳಿ ಮೇಯಾಕ ಬಗ್ಗೂ ತನಕ ಉಸರ ಹಿಡದ ಕುಂದ್ರಿ. ಒಂದ ಹೆಣ್ಣು ನೆಟ್ಟಗ ಮ್ಯಾಲ ಜಿಗೀತಂದ್ರ ಬೆನ್ನಿಗೆ ಇಡೀ ಹಿಂಡು ಜಿಗಿದು ಹೋಗಿ ಬಿಡತೈತಿ, ಆವಾಗ ಹಿಂದ ಓಡಬ್ಯಾಡ್ರಿ, ಅಲ್ಲೇ ಕುಂದ್ರಿ. ಗಾಳಿ ಮಾರಿಗೇ ಇದ್ರ ಮುಕ್ಕಾಲ ತಾಸಿನ್ಯಾಗ ಒಂದೊಂದ ಹೊಳ್ಳಿ ಬರೂದನ್ನ ನಾ ಬಾಳ ಸಲ ನೋಡೀನಿ. ಎಕ್ಕಿ ಅರಳಿ ಒಂದ ಎಳಿ ಬಿಟ್ಟ ನೋಡ್ರಿ, ಅದು ನಿಮ್ಮ ಕಿವಿ ದಾಟಿ ಹಿಂದಕ್ಕ ಹೋತಂದ್ರ ಏಳಬ್ಯಾಡ್ರಿ, ಹಿಂಡಿನ ಕಡೆ ಹೊಂಟಿತಂದ್ರ ಕಂಬಳಿ ಮಡಚಿ ಎರಡನೇ ಪಿನ್ನಿಗೆ ನಡೀರಿ.